ಕಾಡುದಾರಿಯ ವೇಗಕ್ಕೆ ಸಾಕ್ಷಿ ಹೇಳುವವರು ಯಾರು?

ಶನಿವಾರ ಬೆಳಗಾಯಿತೆಂದರೆ ಧಾರವಾಡದ ಕಡೆಯಿಂದ ಹಳಿಯಾಳ ಹಾದು ದಾಂಡೇಲಿಗೆ ಹೋಗುವ ರಸ್ತೆಯ ನಡೆಯೇ ಬದಲಾಗುತ್ತದೆ. ವಾರದ ಉಳಿದ ದಿನ ಅದು ಸಾರಿಗೆ ಬಸ್ಸು, ಕಾಗದ ಕಾರ್ಖಾನೆಯ ಲಾರಿ, ಹಾಲಿನ ಗಾಡಿ, ಶಾಲೆ ಮಕ್ಕಳ ಸೈಕಲ್ಲುಗಳ ರಸ್ತೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ರಸ್ತೆ. ವಾರಾಂತ್ಯಕ್ಕೆ ಬೆಂಗಳೂರು, ಪುಣೆ, ಗೋವಾ ನಂಬರಿನ ಕಾರುಗಳು ಇವೆಲ್ಲವನ್ನೂ ಹಿಂದಿಕ್ಕಿ ಗಣೇಶಗುಡಿಯ ರಾಫ್ಟಿಂಗಿಗೆ ಓಡುತ್ತವೆ. ರಾಮನಗರದ ಕಡೆಯಿಂದ ಜಗಲಬೇಟ ಮಾರ್ಗವಾಗಿ ಬರುವವರದೂ ಅದೇ ಅವಸರ. ಮುಂಡಗೋಡದಲ್ಲಿ ಇನ್ನೊಂದು ಬಗೆ. ಹುಬ್ಬಳ್ಳಿಯಿಂದ ತಡಸ ದಾಟಿ ಶಿರಸಿಗೆ ಹೋಗುವ ಗಾಡಿಗಳಿಗೆ ಈ ಊರು ನಡುವೆ ಸಿಗುವ ಒಂದು ಪೇಟೆ, ಅಷ್ಟೆ. ಆ ರಸ್ತೆಯ ಬದಿಯಲ್ಲಿ ನಡೆಯುವವರಲ್ಲಿ ಟಿಬೆಟನ್ ಕ್ಯಾಂಪಿನ ಮುದುಕರಿದ್ದಾರೆ, ಸಿದ್ದಿ ಕೇರಿಗಳ ಕೂಲಿಕಾರರಿದ್ದಾರೆ, ಸಂತೆಗೆ ಬಂದ ರೈತರಿದ್ದಾರೆ.

ಅಪಘಾತವಾದಾಗಲೆಲ್ಲ ಕೇಳಿಬರುವ ಒತ್ತಾಯ ಒಂದೇ: ಇಲ್ಲಿಗೂ ಸ್ಪೀಡ್ ಕ್ಯಾಮೆರಾ ಹಾಕಿ. ಬೆಂಗಳೂರು–ಮೈಸೂರು ಹೆದ್ದಾರಿಗೆ ಹಾಕಿದ್ದಾರೆ, ನಮಗೇಕಿಲ್ಲ? ಕೇಳುವುದರಲ್ಲಿ ತಪ್ಪಿಲ್ಲ. ಕ್ಯಾಮೆರಾ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಕಂಬ ನೆಟ್ಟು ಪೆಟ್ಟಿಗೆ ಕೂರಿಸಿದ ಮಾತ್ರಕ್ಕೆ ಕಾನೂನು ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಬರೀ ಸಾಕ್ಷಿ. ಅದು ಹೇಳಿದ್ದು ಕೋರ್ಟಿನಲ್ಲಿ ನಿಲ್ಲಬೇಕಾದರೆ ಅದಕ್ಕೂ ಮೊದಲು ನಾಲ್ಕೈದು ಕಚೇರಿಗಳು ತಮ್ಮ ಪಾಲಿನ ಕೆಲಸ ಮುಗಿಸಿರಬೇಕು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಕೆಲಸ ಮೊದಲ ಮೆಟ್ಟಿಲಲ್ಲೇ ತೊಡಕಿಗೆ ಬೀಳುತ್ತದೆ.

ಆ ಮೊದಲ ಮೆಟ್ಟಿಲು ವೇಗದ ಮಿತಿ. ದಾಂಡೇಲಿಯಿಂದ ಗಣೇಶಗುಡಿಗೆ, ಜೋಯಿಡಾದಿಂದ ಅಣಶಿಗೆ ಹೋಗುವ ಕಾಡಿನ ತಿರುವುಗಳಲ್ಲಿ ಕಾರು ಗಂಟೆಗೆ ಎಷ್ಟು ಕಿ.ಮೀ. ವೇಗದಲ್ಲಿ ಹೋಗಬಹುದು? ಬಹಳ ಜನ ಮೂವತ್ತು ಎನ್ನುತ್ತಾರೆ, ಕೆಲವರು ನಲವತ್ತು ಎನ್ನುತ್ತಾರೆ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆ ಹೇಳುವುದು ಬೇರೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 120, ನಡುವೆ ವಿಭಜಕವಿರುವ ಚತುಷ್ಪಥದಲ್ಲಿ 100, ಉಳಿದ ರಸ್ತೆಗಳಲ್ಲಿ 70. ಲಾರಿ, ಬಸ್ಸು, ಬೈಕುಗಳಿಗೆ ಉಳಿದ ರಸ್ತೆಗಳಲ್ಲಿ 60. ನಮ್ಮ ಕಾಡುದಾರಿಯೂ ಆ ‘ಉಳಿದ ರಸ್ತೆ’ಗಳಲ್ಲೇ ಒಂದು. ಇದಕ್ಕಿಂತ ಕಡಿಮೆ ಮಿತಿ ಬೇಕೆಂದರೆ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ಗೆಜೆಟ್ ಅಧಿಸೂಚನೆ ಹೊರಡಿಸಬೇಕು, ಮತ್ತು ಆ ಜಾಗದಲ್ಲಿ ನಿಯಮದ ಪ್ರಕಾರದ ಫಲಕ ನೆಡಬೇಕು. ಒಂದು ತಿಂಗಳು ಮೀರದ ತಾತ್ಕಾಲಿಕ ನಿರ್ಬಂಧಕ್ಕೆ ಮಾತ್ರ ಅಧಿಸೂಚನೆಯಿಂದ ವಿನಾಯಿತಿ. ಅಧಿಸೂಚನೆಯೂ ಬೇಕು, ಫಲಕವೂ ಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ವಕೀಲರಿಗೆ ಅಷ್ಟು ಸಾಕು.

ಇದರ ಪರಿಣಾಮ ನೋಡಿ. ಅಧಿಸೂಚನೆಯ ಬಲವಿಲ್ಲದ, ಯಾವುದೋ ಇಲಾಖೆ ಕಾಳಜಿಯಿಂದ ನೆಟ್ಟ ‘ನಿಧಾನವಾಗಿ ಚಲಿಸಿ, 30 ಕಿ.ಮೀ.’ ಎಂಬ ಬೋರ್ಡನ್ನೇ ನಂಬಿ ಕ್ಯಾಮೆರಾವನ್ನು 30ಕ್ಕೆ ಹೊಂದಿಸಿದರೆ, ಅತಿವೇಗದ ಚಲನ್ ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುವ ಅಪಾಯವಿದೆ. ಕಾನೂನಿನ ಮಿತಿಯಾದ 70ಕ್ಕೇ ಹೊಂದಿಸಿದರೆ, ತಿರುವಿನಲ್ಲಿ ಅರವತ್ತೆಂಟರಲ್ಲಿ ನುಗ್ಗುವ ಕಾರನ್ನು ಅದು ಸುಮ್ಮನೆ ಬಿಟ್ಟುಬಿಡುತ್ತದೆ.

ಆ ಅರವತ್ತೆಂಟು, ಎಪ್ಪತ್ತು ಎಂದರೆ ಏನೆಂದು ಲೆಕ್ಕ ಹಾಕಿಯೇ ನೋಡಬೇಕು. ತಿರುವು ಮುಗಿದ ಕೂಡಲೇ ಮೂವತ್ತು ಮೀಟರ್ ಮುಂದೆ ಕಾಡುಕೋಣವೊಂದು ರಸ್ತೆಯ ಮಧ್ಯೆ ನಿಂತಿದೆ ಎಂದುಕೊಳ್ಳಿ. ಈ ಸೀಮೆಯಲ್ಲಿ ಅದೇನೂ ಅಪರೂಪವಲ್ಲ. ಚಾಲಕನ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೂ, ನಲವತ್ತರ ವೇಗದಲ್ಲಿರುವ ಕಾರು ಅಷ್ಟರಲ್ಲಿ ಹನ್ನೊಂದು ಮೀಟರ್ ಸಾಗುತ್ತದೆ. ಒಣ ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಇನ್ನೊಂದು ಒಂಬತ್ತು ಮೀಟರಿನಲ್ಲಿ ನಿಲ್ಲುತ್ತದೆ. ಪ್ರಾಣಿಗೂ ಕಾರಿಗೂ ನಡುವೆ ಹತ್ತು ಮೀಟರ್ ಉಳಿಯಿತು. ಎಪ್ಪತ್ತರ ವೇಗದ ಕಾರು ಆ ಒಂದು ಸೆಕೆಂಡಿನಲ್ಲೇ ಹತ್ತೊಂಬತ್ತು ಮೀಟರ್ ದಾಟಿರುತ್ತದೆ. ಉಳಿದ ಹನ್ನೊಂದು ಮೀಟರಿನಲ್ಲಿ ಎಷ್ಟೇ ಬ್ರೇಕ್ ಒತ್ತಿದರೂ ಅದು ಗಂಟೆಗೆ ಐವತ್ತು ಕಿ.ಮೀ. ಮೀರಿದ ವೇಗದಲ್ಲೇ ಹೋಗಿ ಗುದ್ದುತ್ತದೆ. ಕಾಡುಕೋಣದ ಜಾಗದಲ್ಲಿ ಸೌದೆ ಹೊತ್ತ ಹೆಂಗಸಿದ್ದರೂ ಲೆಕ್ಕ ಇದೇ. ಮಳೆಗಾಲದಲ್ಲಿ, ಎಲೆ ಕೊಳೆತು ಜಾರುವ ರಸ್ತೆಯಲ್ಲಿ, ಈ ಅಂಕಿಗಳೆಲ್ಲ ಇನ್ನೂ ಕೆಡುತ್ತವೆ. ಕಾನೂನು ಒಪ್ಪುವ ವೇಗವೇ ಇಲ್ಲಿ ಕೊಲ್ಲುವ ವೇಗ. ಆದ್ದರಿಂದ ಕ್ಯಾಮೆರಾಗಿಂತ ಮುಂಚೆ ಬರಬೇಕಾದದ್ದು ಅಧಿಸೂಚನೆ.

ಫಲಕವನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಪಾಠವಿದೆ. 2019ರಲ್ಲಿ ರಾಷ್ಟ್ರೀಯ ಹೆದ್ದಾರಿ 24ರ ನಿಜಾಮುದ್ದೀನ್ ಸೇತುವೆ–ಗಾಜಿಪುರ ನಡುವೆ ಬೋರ್ಡ್ ಹೇಳುತ್ತಿದ್ದದ್ದು 70, ಕ್ಯಾಮೆರಾ ಹಿಡಿಯುತ್ತಿದ್ದದ್ದು 60. ಬೋರ್ಡ್ ಹಾಕಿದ್ದು ಒಂದು ಇಲಾಖೆ, ಕ್ಯಾಮೆರಾ ಇಟ್ಟದ್ದು ಇನ್ನೊಂದು. ಕೊನೆಗೆ ಸುಮಾರು ಒಂದೂವರೆ ಲಕ್ಷ ಚಲನ್‌ಗಳನ್ನು ಪೊಲೀಸರು ಹಿಂಪಡೆಯಬೇಕಾಯಿತು. ದೇಶದ ರಾಜಧಾನಿಯಲ್ಲೇ ಎರಡು ಇಲಾಖೆಗಳು ಪರಸ್ಪರ ಮಾತಾಡದೆ ಹೀಗಾಯಿತು. ನಮ್ಮಲ್ಲಿ ಒಂದೇ ರಸ್ತೆಯ ಮೇಲೆ ಲೋಕೋಪಯೋಗಿ, ಅರಣ್ಯ, ಪೊಲೀಸ್, ಸಾರಿಗೆ ಎಂಬ ನಾಲ್ಕು ಇಲಾಖೆಗಳ ಕೈಯಿದೆ. ಪೇಟೆಯೊಳಗೆ ಬಂದರೆ ಪುರಸಭೆ, ನಗರಸಭೆಗಳೂ ಸೇರುತ್ತವೆ. ರಾಮನಗರ–ಅನಮೋಡ ಮಾರ್ಗ ರಾಷ್ಟ್ರೀಯ ಹೆದ್ದಾರಿ 748ಕ್ಕೆ ಸೇರಿದ್ದರಿಂದ ಅಲ್ಲಿ ಕೇಂದ್ರದ ಕಚೇರಿಗಳೂ ಬರುತ್ತವೆ. ಇವರೆಲ್ಲರನ್ನೂ ಒಂದೇ ಮೇಜಿಗೆ ಕೂರಿಸಲು ಕಾಯ್ದೆ ದಾರಿ ಮಾಡಿದೆ: ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಆ ಸಭೆ ನಡೆಯುವುದು ಕಾರವಾರದಲ್ಲಿ. ಮುಂಡಗೋಡದ ತಿರುವಿನ ಸಂಗತಿ ಕರಾವಳಿಯ ಆ ಕೋಣೆಯವರೆಗೆ ಹೋಗಿ ಮುಟ್ಟಬೇಕು.

ಇನ್ನು ಕ್ಯಾಮೆರಾ ಕುರಿತ ಕಾನೂನು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 136ಎ ಎಂಬ ಹೊಸ ಸೆಕ್ಷನ್ ಸೇರಿತು. ಹೆದ್ದಾರಿಗಳಲ್ಲಿ, ನಗರಗಳಲ್ಲಿ ಎಲೆಕ್ಟ್ರಾನಿಕ್ ನಿಗಾ ಇಡುವುದು ರಾಜ್ಯ ಸರ್ಕಾರದ ಹೊಣೆ ಎಂದು ಅದು ಹೇಳಿತು. ಅದನ್ನು ಜಾರಿಗೆ ತರುವ 167ಎ ನಿಯಮ ಹೊರಬಿದ್ದದ್ದು 2021ರ ಆಗಸ್ಟ್‌ನಲ್ಲಿ. ರಾಜ್ಯಗಳು ಆಮೇಲೂ ನಿಧಾನ ಮಾಡಿದವು. ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ 136ಎ ಜಾರಿ ಮಾಡಿ ಎಂದು ಹೇಳಬೇಕಾಯಿತು. ಮುರಿದ ಮೂಳೆಗಳನ್ನು ಜೋಡಿಸುವ ವೈದ್ಯರೊಬ್ಬರು ಕೋರ್ಟಿನ ಬಾಗಿಲು ತಟ್ಟಬೇಕಾಯಿತು ಎಂಬುದು ಮನಸ್ಸಿಗೆ ನಾಟುವ ಸಂಗತಿ.

ಆದರೆ 167ಎ ನಿಯಮ ಕ್ಯಾಮೆರಾಗಳಿಗೆ ಜಾಗ ತೋರಿಸುವಾಗ ಹೇಳುವುದು ಹೀಗೆ: ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲಿ ಹೆಚ್ಚು ಅಪಾಯದ, ಹೆಚ್ಚು ದಟ್ಟಣೆಯ ಭಾಗಗಳು, ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳು, ಜೊತೆಗೆ ಪಟ್ಟಿ ಮಾಡಿದ 132 ನಗರಗಳು. ಆ 132ರ ಪಟ್ಟಿ ಗಾಳಿ ಕೆಟ್ಟ ನಗರಗಳದ್ದು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ–ಧಾರವಾಡ ಅದರಲ್ಲಿವೆ. ಹೊಗೆ ತುಂಬಿದ ಊರಿಗೆ ಕ್ಯಾಮೆರಾ ಮೊದಲು ಬರುತ್ತದೆ. ಗಾಳಿ ಚೆನ್ನಾಗಿರುವ ದಾಂಡೇಲಿ, ಜೋಯಿಡಾಗಳು ‘ಹೆಚ್ಚು ಅಪಾಯದ ಹೆದ್ದಾರಿ’ ಎಂಬ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು. ಆ ಬಾಗಿಲು ತೆರೆಯಲು ಯಾವ ತಿರುವಿನಲ್ಲಿ ಎಷ್ಟು ಅಪಘಾತ, ಎಷ್ಟು ಸಾವು ಎಂಬ ದಾಖಲೆ ಪೊಲೀಸ್ ಠಾಣೆಯಿಂದ ಮೇಲಕ್ಕೆ ಹೋಗಬೇಕು. ರಾತ್ರಿ ಗುದ್ದಿ ಹೋದ ಗಾಡಿಯಿಂದ ಸತ್ತ ಜಿಂಕೆ ಆ ಲೆಕ್ಕಕ್ಕೆ ಬರುವುದಿಲ್ಲ. ರಾಜಿಯಾಗಿ ದೂರೇ ದಾಖಲಾಗದ ಬೈಕ್ ಅಪಘಾತವೂ ಬರುವುದಿಲ್ಲ.

ಈಗ ಚಲನ್ ಎಂಬ ಕಾಗದವನ್ನೇ ಹತ್ತಿರದಿಂದ ನೋಡೋಣ. ನಿಯಮದ ಪ್ರಕಾರ ಅದರಲ್ಲಿ ತಪ್ಪು ಕಾಣುವ, ನಂಬರ್ ಪ್ಲೇಟ್ ಸ್ಪಷ್ಟವಾಗಿರುವ ಚಿತ್ರ ಇರಬೇಕು. ಉಪಕರಣ ಅಳೆದ ವೇಗ ಎಷ್ಟು, ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಎಂಬುದಿರಬೇಕು. ಕಾಯ್ದೆಯ ಯಾವ ಸೆಕ್ಷನ್ ಮುರಿಯಿತೆಂದು ಹೇಳಬೇಕು. ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಬೇಕು. ಹಿಂದೆ ಅದು ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಈ ಪ್ರಮಾಣಪತ್ರವನ್ನು ಹಗುರವಾಗಿ ನೋಡುವಂತಿಲ್ಲ. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಅದು ಕಡ್ಡಾಯ ಎಂದು ಸ್ಪಷ್ಟಪಡಿಸಿದೆ. ನೋಟಿಸು ತಪ್ಪು ನಡೆದ ಹದಿನೈದು ದಿನದೊಳಗೆ ಹೋಗಬೇಕು. ಉಪಕರಣ ಸರಿಯಾಗಿದೆ ಎಂಬ ಅನುಮೋದನಾ ಪತ್ರ ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಮುಂದೆ ಕ್ಯಾಮೆರಾ ಇದೆ ಎಂದು ಎಚ್ಚರಿಸುವ ಫಲಕ ಕಣ್ಣಿಗೆ ಬೀಳುವಂತೆ ಇರಬೇಕು. ಮರೆಯಲ್ಲಿ ಅಡಗಿ ಹಿಡಿಯುವುದಕ್ಕೆ ಈ ನಿಯಮದಲ್ಲಿ ಜಾಗವಿಲ್ಲ.

ಅಳತೆಯ ಯಂತ್ರದ ವಿಷಯ ಹಳಿಯಾಳದ ಕಬ್ಬು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೂಕದ ಸೇತುವೆಯ ಮೇಲೆ ಟ್ರ್ಯಾಕ್ಟರ್ ನಿಂತಾಗ ಯಂತ್ರ ತೋರಿಸುವ ಅಂಕಿಯ ಮೇಲೆ ವರ್ಷದ ದುಡಿಮೆ ನಿಂತಿರುತ್ತದೆ. ಅದಕ್ಕೆ ಸರ್ಕಾರದ ಮುದ್ರೆ ಇದೆಯೇ ಎಂದು ಅವರು ಕೇಳಿಯೇ ಕೇಳುತ್ತಾರೆ. ವೇಗ ಅಳೆಯುವ ರಾಡಾರ್ ಉಪಕರಣಕ್ಕೂ ಅದೇ ಕಾನೂನು ಮಾಪನಶಾಸ್ತ್ರದ ಪರಿಶೀಲನೆ ಮತ್ತು ಮುದ್ರೆ 2025ರ ಜುಲೈ 1ರಿಂದ ಕಡ್ಡಾಯವಾಗಿದೆ. ತಕ್ಕಡಿಗೆ ಇದ್ದ ಶಿಸ್ತು ಸ್ಪೀಡ್ ಗನ್ನಿಗೆ ಇಷ್ಟು ತಡವಾಗಿ ಬಂತು. ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುವವರು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದದ್ದನ್ನು ತಿಳಿದಿರಬೇಕು. ಸಿಗ್ನಲ್‌ನಲ್ಲಿ ನಿಂತೇ ಇದ್ದ ಕಾರು ಗಂಟೆಗೆ 38 ಮೈಲಿ ವೇಗದಲ್ಲಿತ್ತೆಂದು ಅಲ್ಲಿನ ಕ್ಯಾಮೆರಾ ದಂಡ ಹಾಕಿದ್ದು 2012ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಮರುವರ್ಷ ಆ ಇಡೀ ವ್ಯವಸ್ಥೆಯೇ ನಿಂತಿತು.

ನಮ್ಮ ಕಾಯ್ದೆಯಲ್ಲಿ ಇದಕ್ಕಿಂತ ಹಳೆಯದೊಂದು ಎಚ್ಚರವಿದೆ. 183ನೇ ಸೆಕ್ಷನ್ ಅಡಿ, ‘ಗಾಡಿ ಜೋರಾಗಿ ಹೋಗುತ್ತಿತ್ತು ಎಂದು ನನಗನ್ನಿಸಿತು’ ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಯಾರನ್ನೂ ಅಪರಾಧಿ ಎನ್ನುವಂತಿಲ್ಲ. ಯಂತ್ರದ ಅಳತೆಯ ಆಧಾರ ಬೇಕು. ಕಣ್ಣಳತೆಯನ್ನು ನಂಬದ ಕಾನೂನು ಯಂತ್ರವನ್ನು ನಂಬಿದೆ. ಹಾಗಾಗಿ ಯಂತ್ರದ ಮುದ್ರೆಯನ್ನು, ನವೀಕರಣದ ತಾರೀಖನ್ನು ತೋರಿಸಿ ಎಂದು ಕೇಳುವ ಹಕ್ಕು ದಂಡ ಕಟ್ಟುವವನಿಗೆ ಇರಲೇಬೇಕು. ಜರ್ಮನಿಯ ಸಂವಿಧಾನ ನ್ಯಾಯಾಲಯ 2020ರ ನವೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ಕಡತದಲ್ಲಿಲ್ಲದ ಮೂಲ ಅಳತೆಯ ದತ್ತಾಂಶವನ್ನೂ ನೋಡಲು ಆರೋಪಿಗೆ ಹಕ್ಕಿದೆ ಎಂದಿತು.

ಚಿತ್ರ ಸರಿ, ಅಳತೆ ಸರಿ, ಮುದ್ರೆಯೂ ಇದೆ. ನೋಟಿಸು ಯಾರಿಗೆ ಹೋಗುತ್ತದೆ? ಹಳ್ಳಿಗಾಡಿನಲ್ಲಿ ನಿಜವಾದ ಗೋಳು ಶುರುವಾಗುವುದು ಇಲ್ಲಿಂದ. ಕ್ಯಾಮೆರಾಗೆ ಕಾಣುವುದು ನಂಬರ್ ಪ್ಲೇಟು. ಆ ನಂಬರು ಆರ್.ಸಿ.ಯಲ್ಲಿರುವ ಹೆಸರಿಗೆ ಕರೆದೊಯ್ಯುತ್ತದೆ. ನಮ್ಮ ಊರುಗಳಲ್ಲಿ ಹಳೆ ಬೈಕು ಕೈಬದಲಾಗುವುದು ಛಾಪಾ ಕಾಗದದ ಮೇಲಿನ ಒಂದು ಸಹಿಯಲ್ಲಿ; ಅದೂ ಇಲ್ಲದೆ ಬರೀ ನಂಬಿಕೆಯಲ್ಲಿ. ಮೂರನೆಯವನ ಕೈಗೆ ಹೋದ ಮೇಲೂ ಆರ್.ಸಿ. ಮೊದಲಿನವನ ಹೆಸರಿನಲ್ಲೇ ಇರುತ್ತದೆ. ಕಾನೂನಿನ ಕಣ್ಣಿಗೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಬಿಟ್ಟಿದೆ. ಐದು ವರ್ಷದ ಹಿಂದೆ ಬೈಕ್ ಮಾರಿ ಮರೆತವನಿಗೆ ನೋಟಿಸು, ಓಡಿಸಿದವನಿಗೆ ನೆಮ್ಮದಿ.

ಕೆಲವರಿಗೆ ಆ ನೋಟಿಸೂ ತಲುಪುವುದಿಲ್ಲ. ಗಾಡಿ ನೋಂದಣಿ ಮಾಡಿಸುವಾಗ ಏಜೆಂಟನೋ ಶೋರೂಮಿನವರೋ ತಮ್ಮ ಮೊಬೈಲ್ ನಂಬರನ್ನೇ ತುಂಬಿರುತ್ತಾರೆ. ಜೋಯಿಡಾದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಮೊಬೈಲಿಗೆ ಸಂದೇಶ ಕಳಿಸಿದೆವು, ಹದಿನೈದು ದಿನದ ನಿಯಮ ಪಾಲಿಸಿದೆವು ಎಂದು ಕಚೇರಿ ಹೇಳಬಹುದು. ಚಲನ್ ಇದೆ ಎಂದು ಮಾಲೀಕನಿಗೆ ಗೊತ್ತಾಗುವುದು ಗಾಡಿ ಮಾರಲು ಹೋದಾಗ, ಅಥವಾ ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಪೊಲೀಸರು ಯಂತ್ರ ಹಿಡಿದು ‘ಹಿಂದಿನದು ಇಷ್ಟು ಬಾಕಿ ಐತಿ ನೋಡ್ರಿ’ ಎಂದಾಗ. ಅಷ್ಟರಲ್ಲಿ ಎಂಟು ಹತ್ತು ಚಲನ್ ಸೇರಿರುತ್ತವೆ. ಅಂಚೆಯಲ್ಲಿ, ಕನ್ನಡದಲ್ಲಿ, ಮನೆ ಬಾಗಿಲಿಗೆ ನೋಟಿಸು ಬರಬೇಕೆಂದು ಕೇಳುವುದು ಹಳೆಯ ಕಾಲದ ಹಟ ಎನ್ನಿಸಬಹುದು. ಈ ತಾಲ್ಲೂಕುಗಳ ಮಟ್ಟಿಗೆ ಅದೇ ನ್ಯಾಯದ ದಾರಿ.

ಓಡಿಸಿದವರು ಯಾರು ಎಂದು ಹೇಳುವುದು ಮಾಲೀಕನ ಕರ್ತವ್ಯ ಎಂದು 133ನೇ ಸೆಕ್ಷನ್ ಹೇಳುತ್ತದೆ. ಬ್ರಿಟನ್ನಿನಲ್ಲೂ ಇಂಥದೇ ಕಾನೂನಿದೆ. ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿ, 2007ರಲ್ಲಿ ಕಾನೂನು ಗೆದ್ದಿತು. ಇಲ್ಲಿ ಪ್ರಶ್ನೆ ಅಷ್ಟು ಸೂಕ್ಷ್ಮದ್ದಲ್ಲ. ಗೋವಾದಲ್ಲಿ ಬಾಡಿಗೆಗೆ ಪಡೆದ ಕಾರು ದಾಂಡೇಲಿಯಲ್ಲಿ ಎಪ್ಪತ್ತೈದರಲ್ಲಿ ಹೋಯಿತು; ನೋಟಿಸು ಮಾಪುಸಾದ ಬಾಡಿಗೆ ಅಂಗಡಿಗೆ ಹೋಯಿತು; ಪ್ರವಾಸಿ ಪುಣೆ ಸೇರಿಯಾಯಿತು. ಅವರನ್ನು ಬೆನ್ನಟ್ಟುವವರು ಯಾರು? ಕೈಗೆ ಸಿಗುವವರು ಸ್ಥಳೀಯರು. ಕೆಎ 65 ಎಂಬ ದಾಂಡೇಲಿ ನೋಂದಣಿಯ ಬೈಕುಗಳಿಂದಲೇ ದಂಡ ವಸೂಲಾಗಿ, ವಾರಾಂತ್ಯದ ಕಾರುಗಳು ಹಾಗೇ ಉಳಿದರೆ, ಜನ ಈ ಕ್ಯಾಮೆರಾವನ್ನು ತಮ್ಮದೆಂದು ಎಂದಿಗೂ ಒಪ್ಪುವುದಿಲ್ಲ.

ದಂಡ ಒಪ್ಪದೆ ವಾದ ಮಾಡಬೇಕೆನ್ನುವವನ ದಾರಿ ಇನ್ನೂ ಕಠಿಣ. ಲಘು ವಾಹನಕ್ಕೆ ಅತಿವೇಗದ ದಂಡ ಕಾಯ್ದೆಯಲ್ಲಿ ಸಾವಿರದಿಂದ ಎರಡು ಸಾವಿರ. ಭಾರಿ ವಾಹನಕ್ಕೆ ಎರಡರಿಂದ ನಾಲ್ಕು ಸಾವಿರ. ಕೂಲಿ ಬಿಟ್ಟು, ಬಸ್ಸು ಹಿಡಿದು, ವಕೀಲರನ್ನು ಕಂಡು, ಇನ್ನೊಂದು ತಾರೀಖಿಗೆ ಮತ್ತೆ ಬರುವ ಖರ್ಚು ಅದನ್ನು ಮೀರುತ್ತದೆ. ತಪ್ಪು ಮಾಡದವನೂ ಕಟ್ಟಿ ಕೈತೊಳೆದುಕೊಳ್ಳುತ್ತಾನೆ. ದುಡ್ಡಿದ್ದು ತಪ್ಪು ಮಾಡಿದವನು ಕಾಯುತ್ತಾನೆ, ಏಕೆಂದರೆ ರಿಯಾಯಿತಿ ಬಂದೇ ಬರುತ್ತದೆ. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಚಲನ್‌ಗಳಿಗೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಒಂಬತ್ತೇ ದಿನದಲ್ಲಿ ಸುಮಾರು 120 ಕೋಟಿ ರೂಪಾಯಿ ಬಂತು. ಆಮೇಲೆ ಅದೇ ವರ್ಷ ಮತ್ತೆ, 2025ರಲ್ಲಿ ಮತ್ತೆ ಅದೇ ರಿಯಾಯಿತಿ. ಖಜಾನೆಗೆ ಒಳ್ಳೆಯದೇ. ಆದರೆ ಅಷ್ಟು ಬಾಕಿ ಬೆಳೆದದ್ದೇಕೆ ಎಂದರೆ ಚಲನ್ ತಲುಪಿರಲಿಲ್ಲ, ಇಲ್ಲವೇ ತಲುಪಿದರೂ ಏನೂ ಆಗುವುದಿಲ್ಲ ಎಂದು ಜನರಿಗೆ ಗೊತ್ತಿತ್ತು. ಸಮಯಕ್ಕೆ ಸರಿಯಾಗಿ ಪೂರ್ತಿ ಕಟ್ಟಿದವರಿಗೆ ಇದು ಮಾಡಿದ ಅನ್ಯಾಯ ಎಂದೇ ನನ್ನ ಎಣಿಕೆ.

ಕೇರಳದ ಕ್ಯಾಮೆರಾಗಳ ವಿಚಾರ ಗಡಿಯಾಚೆಯ ಕಾಸರಗೋಡಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 2023ರ ಜೂನ್ 5ರಿಂದ ಅಲ್ಲಿ 726 ಕ್ಯಾಮೆರಾಗಳ ಮೂಲಕ ದಂಡ ಶುರುವಾಯಿತು. ಸರ್ಕಾರಿ ಸಂಸ್ಥೆ ಕೆಲ್ಟ್ರಾನ್ ಮೂಲಕ ಆದ ಗುತ್ತಿಗೆಯ ಮೇಲೆ ವಿರೋಧ ಪಕ್ಷದವರು ಹೈಕೋರ್ಟಿಗೆ ಹೋದರು. ಕೋರ್ಟು ಕೆಲಕಾಲ ಹಣ ಪಾವತಿಗೆ ತಡೆ ಹಾಕಿತು. 2025ರ ಆಗಸ್ಟ್‌ನಲ್ಲಿ ಅರ್ಜಿ ವಜಾ ಆಯಿತು. ಈ ಜಗಳದಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಅಂಕಿ ಇದೆ: ಆ 726ರಲ್ಲಿ ವೇಗ ಹಿಡಿಯುವಂಥವು ಎಂಟು ಮಾತ್ರ. ಉಳಿದವು ಬಹುಪಾಲು ಹೆಲ್ಮೆಟ್, ಸೀಟ್ ಬೆಲ್ಟ್‌ಗಳಿಗೆ. ವೇಗ ಹಿಡಿಯುವುದು ಕಷ್ಟದ, ದುಬಾರಿ ಕೆಲಸ. ಟೆಂಡರ್ ಕರೆಯುವವರು ಸುಲಭದ ದಂಡಕ್ಕೆ ವಾಲುತ್ತಾರೆ. ನಮ್ಮ ತಾಲ್ಲೂಕಿಗೆ ಕ್ಯಾಮೆರಾ ಬಂದಾಗಲೂ ಅದು ತಿರುವಿನ ಕಾರನ್ನು ನೋಡುತ್ತದೆಯೋ, ಪೇಟೆಯ ಹೆಲ್ಮೆಟ್ ಇಲ್ಲದ ತಲೆಗಳನ್ನು ಎಣಿಸುತ್ತದೆಯೋ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಹಾಗಾದರೆ ಕ್ಯಾಮೆರಾದಿಂದ ಉಪಯೋಗವಿಲ್ಲವೇ? ಖಂಡಿತ ಇದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 71 ಸಾವಿಗೆ ಅತಿವೇಗ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ನಿರ್ಲಕ್ಷ್ಯ’ ಎಂದು ಬರೆಯುವುದು ವಾಡಿಕೆಯಾದ್ದರಿಂದ ಆ ಅಂಕಿಯನ್ನು ಸ್ವಲ್ಪ ತೂಗಿ ನೋಡಬೇಕು, ಆದರೂ ದಿಕ್ಕು ತಪ್ಪಲ್ಲ. ಸರಾಸರಿ ವೇಗ ಶೇಕಡ 5ರಷ್ಟು ಇಳಿದರೆ ಸಾವಿನ ಅಪಘಾತಗಳು ಶೇಕಡ 30ರಷ್ಟು ಇಳಿಯಬಲ್ಲವು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಬೇಸಿಗೆಯ ಸಾವುಗಳ ನಂತರ ಸ್ಪೀಡ್ ಗನ್ ಬಂದವು, ಬೈಕುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ಮರುವರ್ಷ ಕ್ಯಾಮೆರಾ ಜಾಲ ಬಂತು; ಸಾವುಗಳು ಸ್ಪಷ್ಟವಾಗಿ ಇಳಿದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿದರೆ ನೇರವಾಗಿ ಎಫ್‌ಐಆರ್. ನಮ್ಮ ಜಿಲ್ಲೆಗೆ ವೇಗ ತಗ್ಗಿಸುವ ಅಗತ್ಯ ಇನ್ನೂ ಹೆಚ್ಚು. ತಲೆಗೆ ಪೆಟ್ಟು ಬಿದ್ದವನನ್ನು ಎತ್ತಿಕೊಂಡು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡುವ ಜಿಲ್ಲೆ ಇದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜನ ಬೀದಿಗಿಳಿದು ವರ್ಷಗಳಾದವು.

ಆದರೆ ಕಂಬದ ಮೇಲಿನ ಒಂಟಿ ಕ್ಯಾಮೆರಾ ಈ ರಸ್ತೆಗಳಿಗೆ ಹೊಂದುವುದಿಲ್ಲ. ಅದರ ಮುಂದೆ ನಿಧಾನ, ದಾಟಿದ ಮೇಲೆ ಮತ್ತೆ ಓಟ. ಕಾಡಿನ ರಸ್ತೆಗೆ ಸರಾಸರಿ ವೇಗದ ವ್ಯವಸ್ಥೆಯೇ ಸರಿ, ಮತ್ತು ಅದಕ್ಕೆ ಮೊದಲ ದಿನದಿಂದಲೇ ದುಬಾರಿ ಯಂತ್ರ ಬೇಕಿಲ್ಲ. ಅಸ್ಸಾಮಿನ ಕಾಜಿರಂಗಾದಲ್ಲಿ ಪ್ರವಾಹದ ದಿನಗಳಲ್ಲಿ ಪ್ರಾಣಿಗಳು ಹೆದ್ದಾರಿ ದಾಟಿ ಎತ್ತರಕ್ಕೆ ಹೋಗುವಾಗ, ಗಾಡಿಗಳಿಗೆ ವೇಳೆ ಬರೆದ ಚೀಟಿ ಕೊಡುತ್ತಾರೆ. ಈ ತುದಿಯಲ್ಲಿ ಒಳಹೊಕ್ಕ ಸಮಯ, ಆ ತುದಿಯಲ್ಲಿ ಹೊರಬಿದ್ದ ಸಮಯ. ಬೇಗ ತಲುಪಿದರೆ ದಂಡ. ನಮ್ಮಲ್ಲಿ 18 ಕಿ.ಮೀ. ಉದ್ದದ ಒಂದು ಕಾಡಿನ ಭಾಗ ಹಿಡಿದು ಮಿತಿ 40 ಎಂದಿಟ್ಟರೆ, ಅದನ್ನು ದಾಟಲು 27 ನಿಮಿಷ ಬೇಕು. 15 ನಿಮಿಷದಲ್ಲಿ ದಾಟಿದವನು ಸರಾಸರಿ 72ರಲ್ಲಿ ಬಂದಿದ್ದಾನೆ, ವಾದಕ್ಕೆ ಎಡೆಯಿಲ್ಲ. ಅರಣ್ಯ ಇಲಾಖೆಯ ತಪಾಸಣಾ ಗೇಟುಗಳು ಇದಕ್ಕೆ ಒದಗುತ್ತವೆ. ಮುಂದೆ ಎರಡು ತುದಿಗೂ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬಂದರೆ ಚೀಟಿ ಹೋಗಿ ಚಿತ್ರ ಉಳಿಯುತ್ತದೆ, ಲೆಕ್ಕ ಅದೇ. ಎಚ್ಚರ ಬೇಕಾದದ್ದು ಇನ್ನೊಂದಕ್ಕೆ: ಜೋಯಿಡಾದಂಥ ತಾಲ್ಲೂಕಿನಲ್ಲಿ ಹೋಗಲು ಬರಲು ಇರುವುದು ಒಂದೋ ಎರಡೋ ರಸ್ತೆ. ಆ ಎರಡು ಕ್ಯಾಮೆರಾ ಇಡೀ ತಾಲ್ಲೂಕಿನ ಓಡಾಟದ ದಿನಚರಿಯಾಗಿಬಿಡುತ್ತವೆ. ತಪ್ಪು ಮಾಡದವರ ಚಿತ್ರವನ್ನು ಎಷ್ಟು ಗಂಟೆಯೊಳಗೆ ಅಳಿಸಬೇಕು, ಯಾರು ನೋಡಬಹುದು ಎಂಬುದನ್ನು ಅಧಿಸೂಚನೆಯಲ್ಲೇ ಬರೆಯಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕುಂಬಾರವಾಡದ ಕುಣಬಿ ರೈತನಿಗೂ ಸೇರಿದ ಮಾತು.

ಕ್ಯಾಮೆರಾ ಕಾಣದ ಅಪಾಯಗಳೂ ಇವೆ. ಹಂಗಾಮಿನ ಸಂಜೆಗಳಲ್ಲಿ ಹಿಂದೀಪವಿಲ್ಲದೆ, ರಿಫ್ಲೆಕ್ಟರ್ ಇಲ್ಲದೆ ನಿಂತ ಕಬ್ಬಿನ ಟ್ರೇಲರ್‌ಗೆ ವೇಗ ಸೊನ್ನೆ. ಅದಕ್ಕೆ ಗುದ್ದಿ ಸಾಯುವವನು ನಲವತ್ತರಲ್ಲೇ ಇರಬಹುದು. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಲಾರಿ ಕಂದಕಕ್ಕೆ ಉರುಳಿ ಸವಣೂರಿನ ಹತ್ತು ವ್ಯಾಪಾರಿಗಳು ಸತ್ತರು. ಹಣ್ಣು, ತರಕಾರಿಯ ಮೂಟೆಗಳ ಮೇಲೆ ಕೂತು ಕುಮಟಾ ಸಂತೆಗೆ ಹೊರಟವರು. ಸರಕು ಲಾರಿಯಲ್ಲಿ ಜನ ಕೂತದ್ದನ್ನು, ಘಟ್ಟದ ಅಂಚಿಗೆ ತಡೆಗೋಡೆ ಎಷ್ಟು ಗಟ್ಟಿಯಿತ್ತೆಂಬುದನ್ನು ವೇಗದ ಯಂತ್ರ ಅಳೆಯುವುದಿಲ್ಲ. 2021ರ ಜನವರಿ 15ರಂದು ಹುಬ್ಬಳ್ಳಿ–ಧಾರವಾಡ ಬೈಪಾಸಿನ ಇಟಿಗಟ್ಟಿ ಬಳಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಸೇರಿ ಹತ್ತಕ್ಕೂ ಹೆಚ್ಚು ಮಂದಿ ಸತ್ತಾಗ ಜನ ಬೊಟ್ಟು ಮಾಡಿದ್ದು ಆ ರಸ್ತೆಯ ಇಕ್ಕಟ್ಟಿನತ್ತ. ರಸ್ತೆಯನ್ನು ಮಾನದಂಡದಂತೆ ಕಟ್ಟದ, ನೋಡಿಕೊಳ್ಳದ ಪ್ರಾಧಿಕಾರ ಮತ್ತು ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ ಹಾಕುವ 198ಎ ಸೆಕ್ಷನ್ ಕೂಡ 136ಎ ಬಂದ 2019ರ ತಿದ್ದುಪಡಿಯಲ್ಲೇ ಬಂತು. ಸವಾರನಿಗೆ ಸೇರಿದ ಸೆಕ್ಷನ್ನಿನ ಮಾತು ದಿನವೂ ಕೇಳುತ್ತದೆ. ರಸ್ತೆ ಕಟ್ಟಿದವನಿಗೆ ಸೇರಿದ್ದರ ಮಾತು ಎಲ್ಲಿ?

183ನೇ ಸೆಕ್ಷನ್ನಿನಲ್ಲಿ ಇನ್ನೆರಡು ಉಪವಿಧಿಗಳಿವೆ. ನಮ್ಮ ತಾಲ್ಲೂಕುಗಳಿಗೆಂದೇ ಬರೆದಂತಿವೆ. ಕೈಕೆಳಗಿನ ಚಾಲಕನಿಂದ ಮಿತಿ ಮೀರಿ ಓಡಿಸುವ ಮಾಲೀಕನೂ ಶಿಕ್ಷಾರ್ಹ. ಮತ್ತು, ವೇಗದ ಮಿತಿ ಮುರಿಯದೆ ಪಾಲಿಸಲಾಗದಂಥ ವೇಳಾಪಟ್ಟಿಯನ್ನು ಪ್ರಕಟಿಸಿದರೆ, ಅಥವಾ ಇಷ್ಟು ಹೊತ್ತಿಗೆ ತಲುಪಲೇಬೇಕೆಂದು ಆದೇಶಿಸಿದರೆ, ಹಾಗೆ ಮಾಡಿದವನೇ ತಪ್ಪಿತಸ್ಥ ಎನ್ನಲು ಆ ವೇಳಾಪಟ್ಟಿಯೇ ಮೇಲ್ನೋಟದ ಸಾಕ್ಷಿ. ಅಣಶಿ ಘಟ್ಟದ ಬಸ್ಸಿನ ವೇಳಾಪಟ್ಟಿಯನ್ನು ಈ ಸೆಕ್ಷನ್ನಿನ ಎದುರು ಹಿಡಿದು ನೋಡಬೇಕು. ಒಂಬತ್ತರ ರಾಫ್ಟಿಂಗ್ ಟ್ರಿಪ್ಪಿಗೆ ಎಂಟೂಮುಕ್ಕಾಲಿಗೆ ದಾಂಡೇಲಿಯಿಂದ ಅತಿಥಿಗಳನ್ನು ಹೊರಡಿಸುವ ರೆಸಾರ್ಟಿನ ಫೋನ್ ಕರೆಯನ್ನೂ, ದಿನಕ್ಕೆ ಇಷ್ಟು ಟ್ರಿಪ್ ಹೊಡೆದರೆ ಮಾತ್ರ ಕೈಗೆ ಕಾಸು ಎನ್ನುವ ಕಬ್ಬು ಸಾಗಣೆಯ ಕರಾರನ್ನೂ ಹಿಡಿದು ನೋಡಬೇಕು. ಕ್ಯಾಮೆರಾದಲ್ಲಿ ಸಿಕ್ಕುವವನು ಸ್ಟೀರಿಂಗ್ ಹಿಡಿದ ಹುಡುಗ. ಅವನನ್ನು ಅಟ್ಟಿದವರ ತನಕ ಹೋಗಲು ಕಾಯ್ದೆ ದಾರಿ ತೋರಿಸಿದೆ. ಆ ದಾರಿಯಲ್ಲಿ ಒಂದು ಪ್ರಕರಣವನ್ನಾದರೂ ಪೊಲೀಸರು ದಾಖಲಿಸಿ ನೋಡಲಿ.

ಮಳೆ ನಿಂತು ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡುವ ಮೊದಲು ಆಗಬಹುದಾದ ಕೆಲಸಗಳಿವೆ. ದಾಂಡೇಲಿ–ಗಣೇಶಗುಡಿ, ಜೋಯಿಡಾ–ಅಣಶಿ ಕಾಡಿನ ಭಾಗಗಳಿಗೆ, ಹಳಿಯಾಳ ಮತ್ತು ಮುಂಡಗೋಡ ಪೇಟೆಯೊಳಗಿನ ರಸ್ತೆಗಳಿಗೆ ಎಷ್ಟೆಷ್ಟು ಮಿತಿ ಎಂದು ಜಿಲ್ಲಾ ಸಮಿತಿ ನಿರ್ಧರಿಸಿ, ಗೆಜೆಟ್ ಅಧಿಸೂಚನೆಗೆ ಕಳಿಸಬೇಕು. ಅದೇ ವಾರ ಫಲಕಗಳು ಏಳಬೇಕು. ಅಧಿಸೂಚನೆಯ ಸಂಖ್ಯೆ ಮತ್ತು ತಾರೀಖು ಫಲಕದ ಕೆಳಗೇ ಇದ್ದರೆ ಒಳ್ಳೆಯದು, ನೋಡಿದವನಿಗೆ ಅದರ ಬಲ ಗೊತ್ತಾಗುತ್ತದೆ. ಆ ಸಭೆಯನ್ನು ಒಮ್ಮೆಯಾದರೂ ಕಾರವಾರದ ಬದಲು ದಾಂಡೇಲಿಯಲ್ಲಿ ಕರೆದು, ಶಾಲಾ ವಾಹನ, ಜೀಪು, ಟ್ರ್ಯಾಕ್ಟರ್ ಓಡಿಸುವವರನ್ನೂ ಕೂರಿಸಿಕೊಳ್ಳಬೇಕು. ಕರಡು ಮಿತಿಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳ ಗೋಡೆಗೆ ಹಚ್ಚಿ, ಆಕ್ಷೇಪಣೆಗೆ ಒಂದು ತಿಂಗಳು ಕೊಟ್ಟರೂ ಸಾಕು.